ಮೆಟ್ಟಿಲಿಗೆ ಅಡ್ಡ ಇಟ್ಟ ಕುರ್ಚಿ

ಅಮ್ಮ,

ಡ್ಯೂಟಿಗೆ ಹೊರಟೆ, ಪುಟ್ಟಿ ಇನ್ನೂ ಮಲಗಿದ್ದಾಳೆ. ಕಾಫಿ ಫ್ಲಾಸ್ಕಿನಲ್ಲಿದೆ. ಮೆಟ್ಟಿಲಿಗೆ ಅಡ್ಡ ಇಟ್ಟಿದ್ದ ನಿನ್ನ ಕುರ್ಚಿಯನ್ನು ತೆಗೆದಿದ್ದೇನೆ, ಮತ್ತೆ ಇಡಬೇಡ.

ತಿಂಗಳು ತುಂಬುವ ಮೊದಲೇ ಹುಟ್ಟಿ ಮೆಷಿನ್ನಿನಲ್ಲಿ ಉಸಿರಾಡಿದ ಕೂಸು, ದಣಿಯಬಾರದು ಅಂತ ಎರಡು ವರ್ಷ ಸೊಂಟದಿಂದ ಕೆಳಗಿಳಿಸಲಿಲ್ಲ ನಾವು. ಈಗ "ಇನ್ನೂ ನಡೀತಿಲ್ವಲ್ಲೇ" ಅಂತ ನೀನೇ ಕಣ್ಣೊರೆಸಿಕೊಳ್ಳುತ್ತೀಯ. ನೆಲ ಮುಟ್ಟದ ಕಾಲು ನಡೆಯುವುದು ಹೇಗೆ? "ಉಸಿರು ಚೆನ್ನಾಗಿದೆ, ಕೆಳಗೆ ಬಿಡಿ" ಅಂತ ಡಾಕ್ಟರು ಹೇಳಿದ್ದು ನಿನ್ನೆದುರಿಗೇ.

ಅವಳು ಅಂಬೆಗಾಲಿಟ್ಟು ಮೆಟ್ಟಿಲು ಹತ್ತಲು ಹೋದರೆ ಹಿಂದೆಯೇ ನಿಂತುಕೋ, ಎತ್ತಿಕೊಳ್ಳಬೇಡ. ಏದುಸಿರು ಬಂದರೆ ಹೆದರಬೇಡ. ಅತ್ತರೆ ಅಳಲಿ. ಆಸ್ಪತ್ರೆಯಲ್ಲಿ ಗಂಟಲಲ್ಲಿ ಆ ಮೆಷಿನ್ನಿನ ಪೈಪಿದ್ದಾಗ ಬಾಯಿ ತೆರೆದು ಅತ್ತರೂ ಸದ್ದು ಬರುತ್ತಿರಲಿಲ್ಲ. ಇವತ್ತು ಬೀದಿಗೆಲ್ಲ ಕೇಳಲಿ.