ಚಿತ್ರದೊಳಗೆ ಯಾವ ಭಾಷೆ?

ಅಂಕೋಲಾ, ಸೋಮವಾರ, ೧೪ ಜುಲೈ

ಸಿಟ್ಟು ಇನ್ನೂ ಇಳಿದಿಲ್ಲ. ತಮ್ಮನ ಮಗಳು ನಾಗಶ್ರೀ ಶಾಲಾಮಕ್ಕಳಿಗಾಗಿ ಚಿತ್ರ ಬಿಡಿಸುವ ತಂತ್ರಾಂಶವೊಂದನ್ನು ಸಿದ್ಧಪಡಿಸುತ್ತಿದ್ದಾಳೆ. ಮಕ್ಕಳು ಆಜ್ಞೆ ಬರೆದು ಚಿತ್ರ ರಚಿಸಲು ಅದರೊಳಗೆ ಪೈಥಾನ್ ಭಾಷೆಯೇ ಇರಲಿ ಎಂದು ಹಟ ಹಿಡಿದವಳು ನಾನು. ಅದನ್ನು ಕಲಿಸುವ ಪಾಠಗಳನ್ನೂ ಬರೆದು ಮುಗಿಸಿದ್ದೆ.

ಇಂದು ಅವಳು ಕಳುಹಿಸಿದ ಮೀನಿನ ಚಿತ್ರವನ್ನು ಆ ತಂತ್ರಾಂಶದಲ್ಲಿ ತೆರೆದೆ. ಚಿತ್ರದೊಳಗಿದ್ದ ಪೈಥಾನ್ ಆಜ್ಞೆ ನನ್ನ ಕಂಪ್ಯೂಟರಿನಲ್ಲಿದ್ದ ಪಾಠಗಳನ್ನೆಲ್ಲ ಅಳಿಸಿಹಾಕಿತು! ಫೋನು ಮಾಡಿದರೆ ನಗುತ್ತಾಳೆ.

“ಹೆದರ್ಬೇಡಿ ಅತ್ತೆ, ನಿಮಗೆ ತೋರಿಸ್ಲಿಕ್ಕೇ ಹಾಗೆ ಬರೆದದ್ದು, ಪಾಠಗಳ ಪ್ರತಿ ನನ್ನ ಹತ್ರ ಅದೆ. ಮಕ್ಕಳದ್ದು ಹೀಗೆ ಹೋದ್ರೆ ಯಾರ ಹತ್ರ ಇರ್ತದೆ? ಪೈಥಾನ್ ಬದಲು ಲುವಾ ಭಾಷೆ ಆದ್ರೆ ಚಿತ್ರ ಬಿಟ್ಟು ಹೊರಗೆ ಕೈ ಹಾಕದ ಹಾಗೆ ಸುಲಭದಲ್ಲಿ ಕಟ್ಟಿಹಾಕ್ಬಹುದು. ನಾಳೆ ತೀರ್ಮಾನ ಆಗ್ಬೇಕು, ಹೇಳಿ.”

“ಆ ಪ್ರತಿಯನ್ನು ಮರಳಿ ಕಳುಹಿಸಬೇಡ, ಲುವಾವೇ ಇರಲಿ” ಎಂದಷ್ಟೇ ಹೇಳಿದೆ. ಲುವಾ ನನಗೂ ಕಲಿಸು ಎಂದು ಕೇಳಬೇಕಿತ್ತು. ಆ ಮಾತು ಮಾತ್ರ ಬಾಯಿಂದ ಬರಲಿಲ್ಲ.