ಎರಡು ವರ್ಷ ಬರಬೇಕಿದ್ದ ಹೆಲ್ಮೆಟ್

ರೀ,

ಮಗಳ ಹತ್ತಿರ ಮತ್ತೆ ಆಸ್ಪತ್ರೆಗೆ ಹೊರಟಿದ್ದೇನೆ. ಹಣೆಗೆ ಆರು ಹೊಲಿಗೆ ಬಿದ್ದಿದೆ, ಸಂಜೆ ಮನೆಗೆ ಕಳಿಸುತ್ತಾರಂತೆ. ಅವಳ ಹಾಸಿಗೆಗೆ ಒಗೆದ ಹೊದಿಕೆ ಹಾಸಿಡಿ.

ಸಮಾಧಾನಕ್ಕೆ ಅಂತ ಇವತ್ತೇ ಓಡಿಹೋಗಿ ಇನ್ನೊಂದು ಹೆಲ್ಮೆಟ್ ತರಬೇಡಿ. ಅವಳ ತಲೆ ಸುತ್ತಳತೆ ಐವತ್ತೆರಡು ಸೆಂಟಿಮೀಟರ್. ನೀವು ತಂದಿದ್ದು ಐವತ್ತೆಂಟು. "ಬೆಳೆಯೋ ಮಗು, ಎರಡು ವರ್ಷ ಬರ್ಲಿ" ಅಂದಿರಿ. ಶೂ, ಸ್ವೆಟರ್ ತಂದಾಗಲೂ ಅದೇ ಮಾತು, ನಾನೂ ತೆಪ್ಪಗಿದ್ದೆ. ಹೆಲ್ಮೆಟ್ ಸಡಿಲ ಅಂತ ನಾನಂದಿದ್ದಕ್ಕೆ ಒಳಗೆ ಟವೆಲ್ ಮಡಚಿ ತುರುಕಿದಿರಿ. ಸೈಕಲ್ಲಿಂದ ಬಿದ್ದಾಗ ಟವೆಲ್ ಒಂದು ಕಡೆ, ಹೆಲ್ಮೆಟ್ ಒಂದು ಕಡೆ.

ಹೊಲಿಗೆ ಬಿಚ್ಚಿದ ಮೇಲೆ ಅವಳನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು. ಪಟ್ಟಿ ಬಿಗಿದು ತಲೆ ಅಲ್ಲಾಡಿಸಿದರೆ ಜಾರಬಾರದು. ಗಾಯಕ್ಕೆ ಒತ್ತಿಹಿಡಿದ ಆ ಟವೆಲ್ಲನ್ನು ನಾನು ಒಗೆಯುವುದಿಲ್ಲ. ಬಕೆಟ್ಟಿನಲ್ಲಿದೆ, ರಕ್ತದ ಕಲೆ ನೀವೇ ತೊಳೆಯಿರಿ.

ಹೊಲಿಗೆ ಹಾಕುವಾಗ ನರ್ಸ್ ಹೆಲ್ಮೆಟ್ ಬಗ್ಗೆ ಕೇಳಿದರು. "ಅದು ಸರಿಯಾಗೇ ಇದೆ ಆಂಟಿ, ನನ್ ತಲೆನೇ ಇನ್ನೂ ಬೆಳೆದಿಲ್ಲ" ಅಂದಳು ನಿಮ್ಮ ಮಗಳು.

ತಪ್ಪು ಅವಳ ತಲೆಯದ್ದಲ್ಲ ಅಂತ ಸಂಜೆ ನೀವೇ ಹೇಳಿ. ನಾನು ಹೇಳಿದರೆ ನಂಬುತ್ತಿಲ್ಲ. ಅಪ್ಪ ತಂದಿದ್ದು ತಪ್ಪಾಗಿರಲ್ವಂತೆ.