ಐವತ್ತು ಯುವಾನಿನ ಬಟ್ಟಲು

ನವೆಂಬರ್ ೧೮, ಚಿಯಾಯಿ

ನಗರಸಭೆ ಚುನಾವಣೆಗೆ ನಿಂತ ಖರ್ಚು ಇಲ್ಲಿಯವರೆಗೆ: ಠೇವಣಿ ಒಂದು ಲಕ್ಷ ಇಪ್ಪತ್ತು ಸಾವಿರ, ಬಾವುಟಗಳಿಗೆ ನಲವತ್ತು ಸಾವಿರ. ಅದಕ್ಕೆಲ್ಲ ಹೆದರದವಳು ಇವತ್ತು ಒಂದು ಬಟ್ಟಲು ನೂಡಲ್ಸಿಗೆ ನಡುಗಿಬಿಟ್ಟೆ.

ಮತದಾರರಿಗೆ ಮೂವತ್ತು ಯುವಾನಿಗಿಂತ ಹೆಚ್ಚಿನದೇನು ಕೊಟ್ಟರೂ ಲಂಚ, ಸಿಕ್ಕಿಬಿದ್ದರೆ ಜೈಲು. ನನ್ನ ಅಂಗಡಿಯ ಬಟ್ಟಲಿಗೆ ಐವತ್ತು. ಪಕ್ಕದ ಓಣಿಯ ತ್ಸಾಯ್ ಅಜ್ಜಿ ಒಂಬತ್ತು ವರ್ಷದಿಂದ ಇಲ್ಲಿ ಪುಕ್ಕಟೆ ಉಣ್ಣುತ್ತಾಳೆ. ಇವತ್ತು ಬೆಳಗಿನಿಂದ ಎದುರಾಳಿಯ ಕಡೆಯವನೊಬ್ಬ ಮೂಲೆಯ ಮೇಜಿನಲ್ಲಿ ಫೋನು ಎತ್ತಿ ಹಿಡಿದು ಕೂತಿದ್ದಾನೆ.

"ಅಜ್ಜಿ, ಇವತ್ತು ಐವತ್ತು ಕೊಡ್ಬೇಕು," ಅಂದೆ, ಅವನಿಗೂ ಕೇಳುವಷ್ಟು ಜೋರಾಗಿ.

"ಏನೇ ಶ್ಯೂ-ಚಿನ್, ಇನ್ನೂ ಗೆದ್ದೇ ಇಲ್ಲ, ಆಗ್ಲೇ ತೆರಿಗೆ ಹಾಕ್ತಿದೀಯಾ?"

ನಾನು ನಗಲಿಲ್ಲ. ಅಜ್ಜಿಯ ನಗುವೂ ನಿಂತಿತು. ಕರವಸ್ತ್ರದ ಗಂಟು ಬಿಚ್ಚಿ ಹತ್ತರ ಐದು ನಾಣ್ಯ ಇಟ್ಟಳು, ಅರ್ಧ ಬಟ್ಟಲು ಹಾಗೇ ಬಿಟ್ಟು ಎದ್ದು ಹೋದಳು.

ಹಿಂದೆಯೇ ಓಡಿ ಕಾರಣ ಹೇಳಬಹುದಿತ್ತು. ಅವನು ಅದನ್ನೂ ಫೋನಿನಲ್ಲಿ ಹಿಡಿದಾನೆಂದು ಒಲೆಯ ಬಳಿಯೇ ನಿಂತೆ. ನಾಳೆ ಅಜ್ಜಿ ಬರದಿದ್ದರೆ ಎಂಬ ಭಯಕ್ಕೆ ಈಗ ನಿದ್ದೆ ಹತ್ತುತ್ತಿಲ್ಲ.

ಅವನಿಗೆ ಬೇಕಾದ ಚಿತ್ರ ಸಿಗಲಿಲ್ಲ. ನನ್ನ ಉಮೇದುವಾರಿಕೆ ಉಳಿಯಿತು. ಗಲ್ಲಾಪೆಟ್ಟಿಗೆಗೆ ಐವತ್ತು ಬಂತು. ಅಜ್ಜಿಗೆ ಅರ್ಧ ಊಟ.